ಇಂಗುಗುಂಡಿಯ ರಕ್ಕಸನ ಹೊಟ್ಟೆನೋವು

"ಕೇಳ್ರಪ್ಪೋ ಕೇಳಿ! ಇಂಗುಗುಂಡಿಯಿಂದ ಎದ್ದು ಬಂದ ರಕ್ಕಸನ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ಕೇಳಿದ್ದು ಕೊಡುತ್ತಾರೆ. ತಪ್ಪು ಹೇಳಿದವರು ರಕ್ಕಸನ ಪಾಲು. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಮುಸುರೆ ತಿಕ್ಕುವ ಸಾತವ್ವ ಅವನ ಪಾಲು."

ಡಂಗುರ ಕೇಳಿ ದನ ಮೇಯಿಸುವ ದುಗ್ಗ ಕೈಯ ಕೋಲು ಬಿಸಾಡಿ ಊರೊಳಗೆ ಓಡಿದ. ಸಾತವ್ವ ಅವನ ಚಿಕ್ಕವ್ವ, ಹೆತ್ತವರು ಹೋದ ಮೇಲೆ ಅವನನ್ನು ಸಾಕಿದವಳು. ಅವಳು ಮಾಡಿದ ತಪ್ಪಾದರೂ ಏನು? ದೊರೆ ಅಡುಗೆಮನೆಗೆ ಹೊಸದೊಂದು ಅರೆಯುವ ಯಂತ್ರ ತರಿಸಿದ್ದ. ಅದು ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಕೂತು, ಹಾಕಿದ್ದನ್ನೆಲ್ಲ ಅರೆದು ಹಿತ್ತಲ ಇಂಗುಗುಂಡಿಗೆ ಕಳಿಸುತ್ತಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಅರಮನೆಯೆಲ್ಲ ಗಬ್ಬುನಾತ, ತೊಟ್ಟಿಯಲ್ಲಿ ಕೊಳೆನೀರು ಉಕ್ಕಿತು, ಗುಂಡಿಯೊಳಗಿನ ರಕ್ಕಸನೂ ಎದ್ದು ಕೂತ. ಅಷ್ಟು ಪ್ರೀತಿಯಿಂದ ತರಿಸಿದ ಯಂತ್ರವನ್ನು ಬೈಯಲು ದೊರೆಗೆ ಮನಸ್ಸಾಗಲಿಲ್ಲ. ತಪ್ಪನ್ನೆಲ್ಲ ತೊಟ್ಟಿಯಲ್ಲಿ ಪಾತ್ರೆ ತೊಳೆಯುವ ಸಾತವ್ವನ ಮೇಲೆ ಹೊರಿಸಿ ಸೆರೆಗೆ ಹಾಕಿಸಿದ.

ಮೊದಲು ದಳವಾಯಿಯ ಮಗ ಮೀಸೆ ತಿರುವುತ್ತ ಬಂದ.

"ನೀರಾಗಿ ಇಳಿಯುತ್ತೆ, ನನ್ನ ತಲೆ ಮೇಲೆ ಮುಚ್ಚಳವಾಗಿ ಕೂರುತ್ತೆ. ಏನದು?" ಎಂದ ರಕ್ಕಸ.

"ಮೋಡ."

"ತಪ್ಪು." ರಕ್ಕಸ ಅವನನ್ನು ತೆಂಗಿನ ಮರಕ್ಕೆ ಕಟ್ಟಿ, "ಈಗ ಹೊಟ್ಟೇಲಿ ಜಾಗವಿಲ್ಲ, ಆಮೇಲೆ ತಿಂತೀನಿ" ಎಂದ.

ಆಸ್ಥಾನದ ಜೋಯಿಸರಿಗೆ ಇನ್ನೊಂದು ಒಗಟು ಬಿತ್ತು. "ಹಲ್ಲಿಲ್ಲದ ನನಗೆ ಅಗಿದು ಕೊಡುತ್ತೆ. ಅಗಿದಷ್ಟೂ ನಾನು ನರಳ್ತೀನಿ. ಯಾರದು?"

"ತಾಯಿ," ಎಂದರು ಜೋಯಿಸರು. ರಕ್ಕಸನ ಕಣ್ಣು ಒದ್ದೆಯಾಯಿತು. ಆದರೂ ಅವರನ್ನು ಕಟ್ಟದೆ ಬಿಡಲಿಲ್ಲ.

ಎರಡೂ ಒಗಟು ಊರೆಲ್ಲ ಹಬ್ಬಿದವು. ಅಮಾವಾಸ್ಯೆಯ ದಿನ ದುಗ್ಗ ರಕ್ಕಸನ ಬಳಿ ಹೋದ. ಎದುರು ನಿಂತಾಗ ಏನು ಹೇಳಬೇಕೋ ತೋಚದೆ, ದಾರಿಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ ಕೇಳಿಬಿಟ್ಟ. "ಊಟ ಆಯ್ತಾ ಅಣ್ಣ?"

ರಕ್ಕಸ ಹೊಟ್ಟೆ ಸವರಿಕೊಂಡ. "ಇಷ್ಟು ಜನ ಬಂದ್ರು, ಒಬ್ರೂ ಕೇಳಲಿಲ್ಲ. ಊಟ ಆಗಿದ್ದೇ ತಪ್ಪಾಯ್ತು ಕಣೋ. ಹೊಟ್ಟೆ ಉಬ್ಬಿ ಸಾಯ್ತಿದೀನಿ."

ದುಗ್ಗನಿಗೆ ಆಗ ಅರ್ಥವಾಯಿತು. ಪಾಪ, ಅವನು ಒಗಟಿನಲ್ಲಿ ಹೇಳುತ್ತಿದ್ದುದು ತನ್ನ ಹೊಟ್ಟೆನೋವನ್ನೇ.

"ತಲೆ ಮೇಲಿನ ಮುಚ್ಚಳ ತುಪ್ಪದ ಜಿಡ್ಡು ಅಣ್ಣ. ಬಿಸಿ ಇದ್ದಾಗ ನೀರಿನಂಗೆ ಇಳಿದು, ತಣ್ಣಗಾದ ಮೇಲೆ ಗಟ್ಟಿ ಕಟ್ಟುತ್ತೆ. ಅಗಿದು ಕೊಡೋದು ಆ ಯಂತ್ರ. ಅನ್ನ, ಸಿಪ್ಪೆ, ನಾರು ಎಲ್ಲಾನೂ ತುರುಕುತ್ತೆ, ಅರಗಿಸ್ಕೊಳ್ಳೋಕೆ ನಿನಗೆ ಪುರುಸೊತ್ತೇ ಕೊಡಲ್ಲ."

"ಸರಿ. ನನ್ನ ಹೊಟ್ಟೆ ಕೆಡಿಸಿ, ಈಗ ತನ್ನ ಮೂಗು ಮುಚ್ಕೊಂಡು ನಿಂತಿರೋನು ಯಾರು?"

ಉಪ್ಪರಿಗೆಯ ಮೇಲೆ ದೊರೆ ರೇಷ್ಮೆ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದ. ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೆ ಚಿಕ್ಕವ್ವ ಹೋಗುತ್ತಾಳೆ. ದುಗ್ಗ ಕಣ್ಣು ಮುಚ್ಚಿಕೊಂಡು, "ನಮ್ಮ ದೊರೆಗಳು" ಎಂದ.

ದೊರೆ ಗಡಬಡಿಸಿ ವಸ್ತ್ರ ಕೆಳಗಿಳಿಸಿದ. ನಾತ ನೇರವಾಗಿ ಮೂಗಿಗೆ ಬಡಿಯಿತು. ಅಷ್ಟು ದಿನ ಅತ್ತರು ಹಚ್ಚಿದ ವಸ್ತ್ರದ ಹಿಂದೆ ಇದ್ದವನಿಗೆ ಕಣ್ಣಲ್ಲಿ ನೀರೇ ಬಂತು. ಕೆಳಗಿಳಿದು ಬಂದು, "ತಪ್ಪು ನಂದೇ. ಏನು ಬೇಕು ಕೇಳಪ್ಪ" ಎಂದ.

"ಚಿಕ್ಕವ್ವನ್ನ ಬಿಟ್ಬಿಡಿ ಬುದ್ಧಿ. ಆ ಯಂತ್ರ ಕೀಳಿಸಿ. ಸಿಪ್ಪೆ ದನಕ್ಕಿರಲಿ, ಉಳಿದದ್ದು ತಿಪ್ಪೆಗೆ ಹೋಗಲಿ, ಜಿಡ್ಡನ್ನ ಬೂದೀಲಿ ಒರೆಸಿ ಆಮೇಲೆ ತೊಳೀಲಿ. ಗುಂಡೀಲಿರೋ ಕೊಳೆನೂ ಒಂದ್ಸಲ ಬಳಿಸಿ."

ರಕ್ಕಸ ದಳವಾಯಿಯ ಮಗನನ್ನೂ ಜೋಯಿಸರನ್ನೂ ಕಟ್ಟು ಬಿಚ್ಚಿ ಕಳಿಸಿದ. ಗುಂಡಿ ಬಳಿಸಿದ ಮೇಲೆ ಒಳಗಿಳಿದು ನೆಮ್ಮದಿಯಾಗಿ ಮಲಗಿದ. ಹಿತ್ತಲ ಯಜಮಾನಿಕೆಯನ್ನೂ ಹಾಲು ಕರೆಯುವ ಎರಡು ಹಸುಗಳನ್ನೂ ದೊರೆ ದುಗ್ಗನಿಗೆ ಕೊಟ್ಟ.

ಸೆರೆಯಿಂದ ಹೊರಬಂದ ಸಾತವ್ವ ಮೊದಲು ಮಾಡಿದ ಕೆಲಸ ದುಗ್ಗನ ಕಿವಿ ಹಿಂಡಿದ್ದು. "ದೊರೆಗಳ ಮುಂದೆ ಹಂಗೆಲ್ಲ ಹೇಳ್ತಾರೇನೋ? ತಲೆ ಹೋಗಿದ್ರೆ?"

"ನೀನಿಲ್ದೆ ತಲೆ ಇಟ್ಕೊಂಡು ಏನ್ಮಾಡ್ಲಿ ಚಿಕ್ಕವ್ವ?"

ಅವಳ ಹಿಡಿತ ಸಡಿಲವಾಯಿತು. ಹಿಡಿದ ಕಿವಿಯನ್ನು ಮಾತ್ರ ಮನೆ ತಲುಪುವವರೆಗೂ ಬಿಡಲಿಲ್ಲ.