ಸೇತುವೆಯ ಮೇಲೆ ನಿಂತವನು

ಆಯುಧಪೂಜೆಯ ಬೆಳಿಗ್ಗೆ ಚಾರ್ವಿಯ ಅಪ್ಪ ಟಿವಿಯ ಕೆಳಗಿದ್ದ ಹಳೆಯ ಗೇಮ್ ಕನ್ಸೋಲ್‌ಗೆ ಕುಂಕುಮ ಹಚ್ಚಿದ. ಕುಂಕುಮ ಆರುವ ಮೊದಲೇ ಹೊಸದೊಂದನ್ನು ತಂದು ಪಕ್ಕದಲ್ಲಿಟ್ಟ.

"ಅಜ್ಜಾ, ಜಾಗ ಬಿಡಿ," ಎಂದಿತು ಹೊಸದು.

"ಮೂರು ವರ್ಷಕ್ಕೇ ನಾನು ಅಜ್ಜನೇನಪ್ಪಾ? ಚಾರ್ವಿ ಆಡಿಸುವ ಪುಟ್ಟ ಸೈನಿಕ ನನ್ನೊಳಗೆ ಸೇತುವೆಯ ಮಧ್ಯೆ ನಿಂತಿದ್ದಾನೆ. ಅವನು ದಾಟಿದ ಮೇಲೆ ನೀನು ಬರಬೇಕಿತ್ತು."

"ಆಟ ಮುಗಿಯುವ ತನಕ ಕಾದರೆ ನಮ್ಮನ್ನು ಕೊಳ್ಳುವವರು ಯಾರು? ಆಸೆ ಹುಟ್ಟಿದಾಗಲೇ ಬರಬೇಕು."

ಅಪ್ಪ ಬಂದು ಹಳೆಯದರ ವೈರು ಕಿತ್ತ. ಅದರ ದೀಪ ಆರಿತು, ಮಾತೂ ನಿಂತಿತು. ಆದರೆ ಒಳಗಿನಿಂದ ಸಣ್ಣ ದನಿಯೊಂದು ಕೇಳಿತು: "ಅಕ್ಕಾ, ಈಗ ದಾಟಲಾ?"

ಹೊಸದು ಬೆಚ್ಚಿತು. "ವೈರೇ ಇಲ್ಲವಲ್ಲ! ಇವನು ಹೇಗೆ ಮಾತಾಡುತ್ತಾನೆ?"

"ಇದಕ್ಕೂ ಹಿಂದಿನ ಕನ್ಸೋಲ್‌ನೊಳಗಿದ್ದವಳೂ ಅಟ್ಟದ ಮೇಲಿಂದ ಇನ್ನೂ ಕೂಗುತ್ತಾಳೆ," ಎಂದಿತು ಟಿವಿ. "ಮನೆಯವರಿಗೆ ಕೇಳಿಸುವುದಿಲ್ಲ, ಅಷ್ಟೆ."

"ನನ್ನ ನಂತರದ್ದು ಯಾವಾಗ ಬರುತ್ತದೆ?"

"ಜಾಹೀರಾತು ಆಗಲೇ ಬರುತ್ತಿದೆ, ಮರಿ. ಅಲ್ಲಿಯವರೆಗೆ ನಿನ್ನೊಳಗೆ ಯಾರನ್ನೂ ಬಿಟ್ಟುಕೊಳ್ಳಬೇಡ."

ಅಷ್ಟರಲ್ಲಿ ಚಾರ್ವಿ ಓಡಿಬಂದು ಬಟನ್ ಒತ್ತಿದಳು. ಹೊಸದರೊಳಗೆ ಯಾರೋ ಕಣ್ಣು ಬಿಟ್ಟರು.