ಯಾಕೆ ಎಂದು ಕೇಳದ ಕಾಡು

ಒಂದು ಕಾಡಿನಲ್ಲಿ ಪ್ರಾಣಿಗಳು "ಯಾಕೆ?" ಎಂದು ಕೇಳುವುದನ್ನೇ ಬಿಟ್ಟುಬಿಟ್ಟಿದ್ದವು. ನಗಬೇಡಿ ಮಕ್ಕಳೇ. ದಿನಕ್ಕೆ ನೂರು ಸಲ ಯಾಕೆ, ಯಾಕೆ ಎಂದು ನೀವು ನನ್ನ ತಲೆ ತಿನ್ನುತ್ತೀರಲ್ಲ, ಈ ಕಥೆ ಹೇಳಿದ ಮೇಲೆ ನಾನು ನಿಮ್ಮನ್ನು ಬೈಯುವ ಹಾಗೇ ಇಲ್ಲ.

ಆ ಕಾಡಿನ ನಡುವೆ ಒಂದು ಹಡ್ಲು ಇತ್ತು. ಹಡ್ಲು ಅಂದರೆ ಮರವಿಲ್ಲದ, ನೆಲದಲ್ಲಿ ಸದಾ ತೇವವಿರುವ ಹುಲ್ಲಿನ ಬಯಲು. ಬೆಳಿಗ್ಗೆ ಅಲ್ಲಿ ಆನೆಗಳು ಮೇಯುತ್ತಿದ್ದವು. ಅವುಗಳಿಗೆಲ್ಲ ಹಿರಿಯಳು ಸಿದ್ದವ್ವ. ಸಂಜೆ ಕಾಟಿಗಳು, ಅಂದರೆ ಕಾಡುಕೋಣಗಳು, ಮೇಯುತ್ತಿದ್ದವು. ಅವುಗಳ ಯಜಮಾನ ಬೋರಪ್ಪ. ಕಾಡಿನಲ್ಲಿ ಇವರಿಬ್ಬರಿಗಿಂತ ದೊಡ್ಡವರಿಲ್ಲ. ಆದರೂ ಒಬ್ಬರ ತಂಟೆಗೆ ಒಬ್ಬರು ಹೋದವರಲ್ಲ. ದಾರಿಯಲ್ಲಿ ಸಿಕ್ಕರೆ, "ಏನವ್ವಾ, ಹುಲ್ಲು ಮಿಕ್ಕಿದೆಯಾ?" "ಬೇಕಾದಷ್ಟಿದೆ, ಹೋಗಪ್ಪಾ" ಎನ್ನುವರು. ಅಷ್ಟೇ ಅವರ ಮಾತು.

ಈ ಇಬ್ಬರ ಕಾಲಡಿಯ ಹುಲ್ಲಿನಲ್ಲೇ ಚೆಲುವಿ ಎಂಬ ಮೊಲ ಇದ್ದಳು. ಅಷ್ಟು ದೊಡ್ಡ ಕಾಲುಗಳು ಓಡಾಡುವ ಜಾಗದಲ್ಲಿ ಅವಳಿಗೆ ಒಂದು ದಿನವೂ ಹೆದರಿಕೆಯಾಗಿರಲಿಲ್ಲ. ಸಿದ್ದವ್ವ ನೋಡಿಕೊಂಡೇ ಹೆಜ್ಜೆ ಇಡುತ್ತಿದ್ದಳು.

ಆ ಕಾಡಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಅದರ ಹೆಸರು ಬೆನ್ನುಮಾತು. ಇಬ್ಬರು ಪ್ರಾಣಿಗಳು ಒಬ್ಬರ ಬೆನ್ನಿಗೆ ಒಬ್ಬರು ಮಣ್ಣು ಹಚ್ಚಿ, "ನಿನ್ನ ಕೂಗಿಗೆ ನಾನು ಏಳುತ್ತೇನೆ, ಯಾಕೆ ಎಂದು ಕೇಳುವುದಿಲ್ಲ" ಎಂದು ಮಾತು ಕೊಡುವುದು. ಮೊದಲು ಇದನ್ನು ಮಾಡಿಕೊಂಡವರು ಮುಸುವ, ಅಂದರೆ ಕರಿಮೂತಿಯ ಕೋತಿ, ಮತ್ತು ಜಿಂಕೆ. ಮುಸುವ ಮರದ ಮೇಲೆ ಕೂತು ಹುಲಿಯನ್ನು ಕಂಡ ಕೂಡಲೇ ಕೂಗುತ್ತಿತ್ತು. ಕೆಳಗಿದ್ದ ಜಿಂಕೆ ಓಡುತ್ತಿತ್ತು. ಹುಲಿ ಬರುವಾಗ ಯಾಕೆ, ಏನು ಎಂದು ವಿಚಾರಿಸುತ್ತಾ ನಿಂತರೆ ಆಗುತ್ತದೆಯೇ? ಅದಕ್ಕೇ ಆ ನಿಯಮ. ಒಳ್ಳೆಯ ನಿಯಮವೇ.

ಈ ಪದ್ಧತಿಗೆ ಕೈ ಹಾಕಿ ಕೆಡಿಸಿದವನು ತಿಪ್ಪಯ್ಯ ಎಂಬ ನರಿ. ಬೇಟೆಗೆ ಸೋಮಾರಿ, ಮಾತಿಗೆ ಮಾತ್ರ ಬಿಡುವಿಲ್ಲ. ಒಂದು ದಿನ ಅವನು ದೂರದಿಂದ ಆನೆಗಳನ್ನೂ ಕಾಟಿಗಳನ್ನೂ ನೋಡಿ ಜೊಲ್ಲು ಸುರಿಸಿದ. "ಇವರಲ್ಲಿ ಒಂದು ಬಿದ್ದರೂ ಸಾಕು, ಮಳೆಗಾಲ ಪೂರ್ತಿ ಕೂತು ತಿನ್ನಬಹುದು. ಆದರೆ ಇವರನ್ನು ಬೀಳಿಸುವವರು ಯಾರು? ಇವರಿಗೆ ಇವರೇ ಆಗಬೇಕು" ಅಂದುಕೊಂಡ.

ಮೊದಲು ಸಿದ್ದವ್ವನ ಹತ್ತಿರ ಹೋದ.

"ಅವ್ವಾ, ಬೋರಪ್ಪ ಸೀಳುನಾಯಿಗಳ ಜೊತೆ ಬೆನ್ನುಮಾತು ಮಾಡಿಕೊಳ್ಳುತ್ತಾನಂತೆ."

"ತನ್ನ ಕರುಗಳನ್ನೇ ತಿನ್ನುವವರ ಜೊತೆಗಾ? ಹೋಗೋ, ನಿನಗೆಲ್ಲೋ ಹುಚ್ಚು."

"ಅದಕ್ಕೇ ಅವ್ವಾ ನನಗೆ ಭಯ. ಅಂಥವರ ಜೊತೆ ಸೇರುತ್ತಾನೆ ಅಂದರೆ ಯಾರ ಮೇಲೋ ಕಣ್ಣಿದೆ ಅಂತ ತಾನೇ? ನಿಮ್ಮ ಮರಿಗಳು ಬೇರೆ ಚಿಕ್ಕವು."

ಮರಿಗಳ ಮಾತು ಬಂದ ಕೂಡಲೇ ಸಿದ್ದವ್ವನ ಎದೆ ಝಲ್ಲೆಂದಿತು. "ಈಗ ನಾನೇನು ಮಾಡಲಿ?"

"ಕರಡಿಯ ಜೊತೆ ಬೆನ್ನುಮಾತು ಮಾಡಿಕೊಳ್ಳಿ. ಜಗಳಕ್ಕಲ್ಲ ಅವ್ವಾ, ಛೆ ಛೆ! ಜಗಳ ಬಾರದಿರಲಿ ಅಂತ."

ಸಿದ್ದವ್ವ ಒಪ್ಪಿದಳು. ಅವಳ ಬೆನ್ನಿನ ಮಣ್ಣು ಒಣಗುವ ಮೊದಲೇ ತಿಪ್ಪಯ್ಯ ಬೋರಪ್ಪನ ಮುಂದೆ ಕೈಕಟ್ಟಿ ನಿಂತಿದ್ದ. "ಯಜಮಾನರೇ, ಆನೆಗಳು ಕರಡಿಯ ಜೊತೆ ಬೆನ್ನುಮಾತು ಮಾಡಿಕೊಂಡವು!" ಈ ಸಲ ಅವನು ಹೇಳಿದ್ದು ನಿಜ. ಬೋರಪ್ಪ ಹೋಗಿ ನೋಡಿ ಬಂದ. ಹೌದು, ಬೆನ್ನ ಮೇಲೆ ಮಣ್ಣಿದೆ. ಪಾಪ, ಹೆದರಿದ. ಹೆದರಿದವನು, ಯಾರು ತನ್ನ ಕರುಗಳನ್ನು ತಿನ್ನುತ್ತಿದ್ದರೋ ಆ ಸೀಳುನಾಯಿಗಳ ಜೊತೆಗೇ ಬೆನ್ನುಮಾತು ಮಾಡಿಕೊಂಡ. ಜಗಳ ಬಾರದಿರಲಿ ಅಂತ! ಇಂಥ ಬುದ್ಧಿಗೆ ಏನೆನ್ನಬೇಕು ನೀವೇ ಹೇಳಿ.

ಆಮೇಲೆ ಕಾಡಿಗೆಲ್ಲ ಇದೇ ಗೀಳು ಹಿಡಿಯಿತು. ಕೆಂದಳಿಲು ಕರಡಿಯ ಜೊತೆ ಬೆನ್ನುಮಾತು ಮಾಡಿಕೊಂಡಿತು. ಮುಳ್ಳುಹಂದಿ ಸೀಳುನಾಯಿಗಳ ಜೊತೆ ಮಾಡಿಕೊಂಡಿತು. ಎಲ್ಲದಕ್ಕೂ ತಿಪ್ಪಯ್ಯನದೇ ಓಡಾಟ. ಒಂದೊಂದು ಬೆನ್ನುಮಾತಿಗೂ ಅವನಿಗೆ ಒಂದೊಂದು ಊಟ. ಎಲ್ಲರೂ ಬೆನ್ನಿಗೆ ಮಣ್ಣು ಮೆತ್ತಿಕೊಂಡು, "ನಮ್ಮ ಹಿಂದೆ ದೊಡ್ಡವರಿದ್ದಾರೆ" ಎಂದು ಎದೆಯುಬ್ಬಿಸಿ ತಿರುಗಿದರು. ಸಿದ್ದವ್ವ, ಬೋರಪ್ಪ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸಿದರು. ಹುಲ್ಲು ಮಿಕ್ಕಿದೆಯಾ ಎಂದು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಚೆಲುವಿಯ ಹತ್ತಿರವೂ ತಿಪ್ಪಯ್ಯ ಬಂದ. "ನಿನಗೂ ಒಂದು ಬೆನ್ನುಮಾತು ಮಾಡಿಸಲಾ ತಂಗೀ?"

"ಬಿಡಪ್ಪಾ, ನಾನು ಕೂಗಿದರೆ ಪಕ್ಕದ ಪೊದೆಗೂ ಕೇಳಿಸುವುದಿಲ್ಲ. ನನಗೆ ಬಸುರಿನ ಸುಸ್ತು, ಸುಮ್ಮನೆ ಹೋಗು" ಎಂದಳು ಚೆಲುವಿ. ನಾಲ್ಕು ದಿನದಲ್ಲಿ ಹಡ್ಲಿನ ನಟ್ಟನಡುವೆ, ಎತ್ತರದ ಹುಲ್ಲಿನಲ್ಲಿ, ಅವಳಿಗೆ ಎರಡು ಮರಿಗಳಾದವು. ಎಷ್ಟು ಮುದ್ದಾಗಿದ್ದವು ಅಂತೀರಿ! ಎರಡೂ ಸೇರಿದರೆ ನನ್ನ ಒಂದು ಬೊಗಸೆ ತುಂಬುತ್ತಿರಲಿಲ್ಲ.

ಮರಿಗಳಿಗೆ ಎರಡು ದಿನವಾಗಿತ್ತು. ಅಂದು ಮಧ್ಯಾಹ್ನ ಕೆಂದಳಿಲು ಮರದ ಮೇಲೆ ಕೂತು ಒಂದು ಹಲಸಿನ ಹಣ್ಣಿನ ತೊಟ್ಟು ಕಡಿಯಿತು. ಹಣ್ಣು ಧೊಪ್ಪನೆ ಕೆಳಗೆ ಬಿತ್ತು. ಕೆಳಗೆ ಹೋಗುತ್ತಿದ್ದ ಮುಳ್ಳುಹಂದಿ ನಿಂತು ತಿನ್ನತೊಡಗಿತು.

"ಏಯ್ ಕಳ್ಳೀ! ಅದು ನನ್ನ ಹಣ್ಣು!"

"ನೆಲಕ್ಕೆ ಬಿತ್ತಲ್ಲ, ಈಗ ನನ್ನದು!"

ಇಂಥ ಜಗಳ ಈ ಇಬ್ಬರಿಗೆ ಹೊಸದಲ್ಲ. ಮೊದಲೆಲ್ಲ ಅರ್ಧ ಗಂಟೆ ಬೈದಾಡಿ, ಬಾಯಿ ನೋವು ಬಂದ ಮೇಲೆ ಹಂಚಿಕೊಂಡು ತಿನ್ನುತ್ತಿದ್ದರು. ಈಗ ಹಾಗಲ್ಲವಲ್ಲ! ಕೆಂದಳಿಲು ಕರಡಿಯನ್ನು ಕೂಗಿತು. ಕರಡಿ ಜೇನು ಬಿಟ್ಟು ಓಡಿಬಂತು. ಯಾಕೆ ಎಂದು ಕೇಳಲಿಲ್ಲ, ಮುಳ್ಳುಹಂದಿಗೆ ಒಂದು ಬಾರಿಸಿತು. ಮುಳ್ಳುಹಂದಿ ಸೀಳುನಾಯಿಗಳನ್ನು ಕೂಗಿತು. ಅವು ಬಂದವು, ಯಾಕೆ ಎಂದು ಕೇಳಲಿಲ್ಲ, ಕರಡಿಯ ಕಿವಿ ಹರಿದವು. ಕರಡಿ ನೋವಿನಿಂದ ಆನೆಗಳನ್ನು ಕೂಗಿತು. ಅದನ್ನು ಕೇಳಿ ಸೀಳುನಾಯಿಗಳು ಸಿಳ್ಳೆ ಹಾಕಿ ಕಾಟಿಗಳನ್ನು ಕರೆದವು.

ಸಿದ್ದವ್ವ ಆಗ ಹೊಳೆಯಲ್ಲಿ ಮೊಮ್ಮಗನಿಗೆ ಸ್ನಾನ ಮಾಡಿಸುತ್ತಿದ್ದಳು. ಕೂಗು ಕೇಳಿದಾಗ "ಯಾಕೆ?" ಎನ್ನುವ ಮಾತು ಬಾಯಿಯವರೆಗೂ ಬಂತು. ಕೇಳಿದರೆ ಮಾತಿಗೆ ತಪ್ಪಿದವಳು ಎಂದಾರು ಎಂದು ನುಂಗಿಕೊಂಡಳು. ಆಚೆ ದಡದ ಕಾಡಿನಲ್ಲಿ ಬೋರಪ್ಪನೂ ಹಾಗೇ ನುಂಗಿಕೊಂಡ. ಇಬ್ಬರೂ ತಮ್ಮ ತಮ್ಮ ಹಿಂಡು ಕಟ್ಟಿಕೊಂಡು ಹೊರಟರು.

ಅಯ್ಯೋ, ಅದನ್ನೇನು ಹೇಳಲಿ! ಬಿದಿರ ಮೆಳೆಗಳೆಲ್ಲ ನೆಲಸಮವಾದವು. ಗೂಡುಗಳ ಸಮೇತ ಮರಗಳು ಉರುಳಿದವು. ಒಂದು ಸಲಗದ ದಂತ ಮುರಿಯಿತು. ಬೋರಪ್ಪನ ಸ್ವಂತ ಕರು ನೂಕುನುಗ್ಗಲಿನಲ್ಲಿ ಬಿದ್ದು ಕಾಲು ಮುರಿದುಕೊಂಡಿತು. ದಿಕ್ಕೆಟ್ಟು ಓಡಿದ ಜಿಂಕೆಗಳಲ್ಲಿ ಎಷ್ಟೋ ಮರಳಿ ಬರಲೇ ಇಲ್ಲ. ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು ಹೊಡೆಯುವವರಿಗೇ ಗೊತ್ತಿರಲಿಲ್ಲ. ತಿಪ್ಪಯ್ಯ ಮಾತ್ರ ಒಂದು ಹುತ್ತದ ಮೇಲೆ ಕೂತು, "ಯಾವುದು ಮೊದಲು ಬೀಳುತ್ತದೋ!" ಎಂದು ತುಟಿ ನೆಕ್ಕುತ್ತಿದ್ದ.

ಕೊನೆಗೆ ಎರಡು ಹಿಂಡುಗಳೂ ಹಡ್ಲಿನ ಎರಡು ಬದಿಯಿಂದ ಒಂದರ ಮೇಲೊಂದು ನುಗ್ಗಿದವು. ನಡುವೆ ಹುಲ್ಲಿನಲ್ಲಿ ಚೆಲುವಿಯ ಮರಿಗಳು.

ಚೆಲುವಿಯ ಜೀವವೇ ಬಾಯಿಗೆ ಬಂತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಬಹುದಿತ್ತು. ಆಗ ಇನ್ನೊಂದು ಉಳಿಯುತ್ತಿತ್ತು. ಯಾವುದನ್ನು ಬಿಡಲಿ? ಯಾವ ತಾಯಿಗೆ ಆಗುತ್ತದೆ ಅದು? ಅವಳು ಓಡಲಿಲ್ಲ. ಮರಿಗಳ ಮುಂದೆ ಹಿಂಗಾಲ ಮೇಲೆ ನಿಂತು, ಆಕಾಶ ಮುಚ್ಚಿದ ಹಾಗೆ ಬರುತ್ತಿದ್ದ ಸಿದ್ದವ್ವನ ಮುಖ ನೋಡಿ, ಇದ್ದ ಅಷ್ಟೂ ಉಸಿರು ಹಾಕಿ ಕೂಗಿದಳು:

"ಯಾಕೆ ಸಿದ್ದವ್ವಾ? ಯಾಕೆ?"

ಎಷ್ಟೋ ದಿನದಿಂದ ಆ ಕಾಡಿನಲ್ಲಿ ಯಾರೂ ಆಡದ ಮಾತು ಅದು. ಸಿದ್ದವ್ವ ಕೆಳಗೆ ನೋಡಿದಳು. ಎತ್ತಿದ ಮುಂಗಾಲು ಎತ್ತಿದ ಹಾಗೇ ನಿಂತಿತು. ಅದರ ಕೆಳಗೆ ಎರಡು ಮರಿಗಳು ಕಿವಿ ಮಡಚಿಕೊಂಡು ಮಲಗಿದ್ದವು. ಕಾಲು ಇಳಿಸುವ ಹಾಗಿಲ್ಲ. ಹಿಂದಿನಿಂದ ಹಿಂಡು ನೂಕುತ್ತಿದೆ, ಅವರಿಗೆ ಇದೇನೂ ಕಾಣದು.

"ಬೋರಪ್ಪಾ!" ಎಂದು ಸಿದ್ದವ್ವ ಕಿರುಚಿದಳು. "ಕಾಲಡಿ ಮಕ್ಕಳಿವೆ ಕಣಪ್ಪಾ! ಹಿಂದಿನವರು ನೂಕುತ್ತಿದ್ದಾರೆ, ನಾನು ಬಿದ್ದುಬಿಡುತ್ತೇನೆ!"

ಕೊಂಬು ತಗ್ಗಿಸಿ ಬರುತ್ತಿದ್ದ ಬೋರಪ್ಪ ಗಕ್ಕನೆ ನಿಂತ. ನೋಡಿದ. ಆಮೇಲೆ ಕೊಂಬು ಪಕ್ಕಕ್ಕೆ ತಿರುಗಿಸಿ, ತನ್ನ ಭುಜವನ್ನು ಸಿದ್ದವ್ವನ ಎದೆಗೆ ಕೊಟ್ಟು, ನಾಲ್ಕು ಕಾಲನ್ನೂ ಕೆಸರಿನಲ್ಲಿ ಊರಿ ನಿಂತ. ಆನೆ ಹಿಂಡಿನ ಭಾರವೆಲ್ಲ ಅವನ ಭುಜದ ಮೇಲೆ. ಅವನ ಮೈ ಗಡಗಡ ನಡುಗುತ್ತಿತ್ತು. "ಬೇಗ ಎತ್ತಿಕೊಳ್ಳಮ್ಮಾ" ಎಂದ ಚೆಲುವಿಗೆ. ಅವಳು ಒಂದು ಮರಿಯನ್ನು ಎಳೆದುಕೊಂಡು ಹೋಗಿ ಇಟ್ಟು ಬಂದಳು. ಇನ್ನೊಂದನ್ನೂ ಎಳೆದುಕೊಂಡು ಹೋದಳು. ಆಗ ಸಿದ್ದವ್ವ ಕಾಲು ಇಳಿಸಿದಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ನಿಂತರು.

ಎಲ್ಲರೂ ಏದುಸಿರು ಬಿಡುತ್ತಿದ್ದರು. ಚೆಲುವಿ ಮಾತ್ರ ಬಿಡಲಿಲ್ಲ. "ನಾನು ಕೇಳಿದ್ದಕ್ಕೆ ಹೇಳಿ ಸಿದ್ದವ್ವಾ. ಯಾಕೆ ಬಂದಿರಿ?"

"ಗೊತ್ತಿಲ್ಲ ಮಗಳೇ. ಕರಡಿ ಕೂಗಿತು."

ಕರಡಿ ಹರಿದ ಕಿವಿ ಹಿಡಿದುಕೊಂಡು, "ನನ್ನನ್ನು ಕೆಂದಳಿಲು ಕೂಗಿತು" ಎಂದಿತು. ಬೋರಪ್ಪ ಸೀಳುನಾಯಿಗಳ ಕಡೆ ನೋಡಿದ. ಅವು ಮುಳ್ಳುಹಂದಿಯ ಕಡೆ ನೋಡಿದವು. ಕೆಂದಳಿಲೂ ಮುಳ್ಳುಹಂದಿಯೂ ತಲೆ ತಗ್ಗಿಸಿದವು.

"ಒಂದು ಹಲಸಿನ ಹಣ್ಣು..." ಎಂದಿತು ಕೆಂದಳಿಲು.

"ಇನ್ನೂ ಅರ್ಧ ಹಾಗೇ ಇದೆ. ಬೇಕಾದರೆ ತಗೋ" ಎಂದಿತು ಮುಳ್ಳುಹಂದಿ.

ಬೋರಪ್ಪ ಕುಂಟುತ್ತಿದ್ದ ತನ್ನ ಕರುವನ್ನು ನೋಡಿದ. ಅವನ ಕಣ್ಣು ತುಂಬಿತು. "ಅರ್ಧ ಹಣ್ಣು" ಎಂದ. ಸಿದ್ದವ್ವ ಸೊಂಡಿಲಿನಿಂದ ಅವನ ಬೆನ್ನು ಸವರಿದಳು. "ನೀನು ಸೀಳುನಾಯಿಗಳ ಜೊತೆ ಸೇರುತ್ತೀಯ ಅಂತ ತಿಪ್ಪಯ್ಯ ಹೇಳಿದ. ಹೆದರಿದೆ ಕಣಪ್ಪಾ" ಎಂದಳು.

"ನೀನು ಕರಡಿಯ ಜೊತೆ ಸೇರಿದೆ ಅಂತ ನನಗೂ ಅವನೇ ಹೇಳಿದ್ದು. ಅದಕ್ಕೇ ನಾನು ಅವರ ಜೊತೆ ಸೇರಿದೆ."

ತಿಪ್ಪಯ್ಯ ಹುತ್ತದಿಂದ ಇಳಿದು ಜಾರಿಕೊಳ್ಳುತ್ತಿದ್ದ. ಇಬ್ಬರೂ ಒಟ್ಟಿಗೆ, "ತಿಪ್ಪಯ್ಯಾ, ಬಾ ಇಲ್ಲಿ!" ಎಂದು ಕೂಗಿದರು. ಈಗ ಒಂದು ವಿಷಯ ಹೇಳಿಬಿಡುತ್ತೇನೆ. ಯುದ್ಧದಲ್ಲಿ ಯಾರು ಗೆದ್ದರೂ ತನಗೆ ರಕ್ಷಣೆ ಇರಲಿ ಎಂದು ಆ ಜಾಣ ಗುಟ್ಟಾಗಿ ಇಬ್ಬರ ಜೊತೆಗೂ ಬೆನ್ನುಮಾತು ಮಾಡಿಕೊಂಡಿದ್ದ. ಇಬ್ಬರ ಕೂಗಿಗೂ ಏಳಲೇಬೇಕು. ಬಾಲ ಮುದುರಿಕೊಂಡು ಬಂದ.

"ಯಾ... ಯಾಕೆ ಕರೆದಿರಿ?" ಎಂದ.

"ಯಾಕೆ ಎಂದು ಕೇಳುವ ಹಾಗಿಲ್ಲ" ಎಂದರು ಇಬ್ಬರೂ.

ಅವನನ್ನು ಯಾರೂ ಹೊಡೆಯಲಿಲ್ಲ. ಆದರೆ ಅಂದಿನಿಂದ ಬೆಳಿಗ್ಗೆ ಆನೆಗಳು ಕೂಗಿದರೆ ಕಾಡಿನ ಈ ತುದಿಗೆ ಓಡಬೇಕು, ಅಲ್ಲಿ ಕೂರುವ ಮೊದಲೇ ಕಾಟಿಗಳು ಕೂಗಿದರೆ ಆ ತುದಿಗೆ ಓಡಬೇಕು. "ಏನಿಲ್ಲ, ಸುಮ್ಮನೆ ಕರೆದೆವು, ಹೋಗು" ಎನ್ನುವರು. ಓಡಿ ಓಡಿ ತಿಪ್ಪಯ್ಯನ ಹೊಟ್ಟೆ ಬೆನ್ನಿಗೆ ಹತ್ತಿತು. ಕೂತು ತಿನ್ನುವುದಿರಲಿ, ಕೂರುವುದೇ ಕನಸಾಯಿತು ಅವನಿಗೆ.

ಆ ವರ್ಷ ಹಡ್ಲಿನಲ್ಲಿ ಹುಲ್ಲು ಸರಿಯಾಗಿ ಏಳಲಿಲ್ಲ. ಬೋರಪ್ಪನ ಕರುವಿನ ಕಾಲು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಕೆಟ್ಟದ್ದೆಲ್ಲ ಸರಿಹೋಯಿತು ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಒಂದು ದಿನ ಸಿದ್ದವ್ವ ಚೆಲುವಿಯ ಪೊದೆಯ ಹತ್ತಿರ ಬಂದಳು. ಸೊಂಡಿಲಿನಲ್ಲಿ ಒಂದಿಷ್ಟು ಮಣ್ಣು ಹಿಡಿದಿದ್ದಳು. "ಮಗಳೇ, ಈ ಕಾಡಿನಲ್ಲಿ ಬೆನ್ನುಮಾತಿಲ್ಲದವಳು ನೀನೊಬ್ಬಳೇ. ನಿನಗೆ ನಾನು ಕೊಡುತ್ತೇನೆ. ನೀನು ಕೂಗಿದ ಕೂಡಲೇ ಎದ್ದು ಬರುತ್ತೇನೆ" ಎಂದಳು.

ಚೆಲುವಿ ಮರಿಗಳನ್ನು ಎದೆಗೆ ಎಳೆದುಕೊಂಡಳು. ಅವಳಿಗೆ ಅಳುವೂ ಬಂತು, ನಗುವೂ ಬಂತು.

"ಬೇಡ ಅವ್ವಾ" ಎಂದಳು. "ನಾನು ಹೆದರಿದಾಗ ಏನೇನೋ ಕೂಗುತ್ತೇನೆ. ನೀವು ತಕ್ಷಣ ಬರಬೇಡಿ. ಮೊದಲು ಯಾಕೆ ಎಂದು ಕೇಳಿ."

ನೀತಿ: ಸ್ನೇಹಿತರು ಕರೆದರೆಂದು ಕಾರಣ ಕೇಳದೆ ಜಗಳಕ್ಕಿಳಿದರೆ, ಇಬ್ಬರ ಸಣ್ಣ ಜಗಳ ಎಲ್ಲರ ದೊಡ್ಡ ಯುದ್ಧವಾಗುತ್ತದೆ, ಅದರಲ್ಲಿ ಮೊದಲು ನೋಯುವವರು ಏನೂ ತಪ್ಪು ಮಾಡದ ಚಿಕ್ಕವರು.