ಓಕುಳಿ ಹಂಡೆಗೆ ಸಾಲದೆ ಹೋದ ಸುಣ್ಣ

ಒಂದಾನೊಂದು ಕಾಲದಲ್ಲಿ, ನಿನ್ನ ಮುತ್ತಜ್ಜಿಗೆ ಮೂವತ್ತೆರಡು ಹಲ್ಲೂ ಇದ್ದ ಕಾಲದಲ್ಲಿ, ಒಬ್ಬ ರಾಜ ಇದ್ದನಂತೆ. ಅವನೂರಲ್ಲಿ ಬೆಟ್ಟಪ್ಪ ಅಂತ ಕುಂಕುಮ ಮಾಡೋನು, ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಸಂಕವ್ವ. ಮನೇಲಿ ಎಲ್ಲರಿಗೂ ಹುರಿ ಮಾಡಿದ ಮೀಸೆ. ಸಂಕವ್ವನಿಗಲ್ಲ ಕಣೋ, ನಗಬೇಡ, ಅಪ್ಪನಿಗೂ ಅಣ್ಣಂದಿರಿಗೂ.

ರಾಜನ ಮಗಳಿಗೆ ಮದುವೆ ಗೊತ್ತಾಯ್ತು. ಆಮೇಲೆ ರಾಜ ಬೆಟ್ಟಪ್ಪನ್ನ ಕರೆಸಿ, ದಿಬ್ಬಣ ಬರೋ ಹೊತ್ತಿಗೆ ಆರತಿಗೆ ಒಂದು ಹಂಡೆ ಓಕುಳಿ ಆಗಬೇಕು, ಕೆಂಪಗಿರಬೇಕು, ಇಲ್ಲದಿದ್ರೆ ಅಪ್ಪ ಮಕ್ಕಳು ಮೂವರಿಗೂ ಅರ್ಧ ಮೀಸೆ ಬೋಳಿಸಿ ಊರೆಲ್ಲ ಮೆರೆಸ್ತೀನಿ ಅಂದನಂತೆ.

ಓಕುಳಿಗೇನು ಬೇಕು? ನೀರು, ಅರಿಶಿನ, ಸುಣ್ಣ. ಅರಿಶಿನಕ್ಕೆ ಸುಣ್ಣ ಕೂಡಿದ್ರೇನೇ ಕೆಂಪು. ಮನೇಲಿ ಅರಿಶಿನ ಬೇಕಾದಷ್ಟಿತ್ತು, ಸುಣ್ಣ ಮಾತ್ರ ಒಂದೇ ಹಿಡಿ, ಊರ ಸುಣ್ಣವನ್ನೆಲ್ಲ ಮದುವೆಗೆ ಅಂತ ಅರಮನೆ ಗೋಡೆಗೆ ಬಳಿದುಬಿಟ್ಟಿದ್ರಂತೆ. ಇದ್ದ ಹಿಡೀನ ಹಾಕಿ ಕಲಕಿದ್ರು, ಹಂಡೆ ಹಳದಿ. ದೊಡ್ಡ ಮಗ ಅರಿಶಿನ ಸಾಲದು ಅಂತ ಒಂದು ಸೇರು ಸುರಿದನಂತೆ. ಇನ್ನೂ ಹಳದಿ. ಆಮೇಲೆ ಎರಡನೇ ಮಗ, ನೀನು ಜುಗ್ಗ ಕಣಣ್ಣ ಅಂತ ಎರಡು ಸೇರು ಸುರಿದನಂತೆ. ಬೇಳೆ ಕಟ್ಟಿನ ಥರ ಆಯ್ತು. ಆಮೇಲೆ ಅಪ್ಪ, ನಿಮಗೆ ಕಲಕೋಕೇ ಬರಲ್ಲ ಅಂತ ಕೋಲು ಕಿತ್ಕೊಂಡು ರಟ್ಟೆ ಬಿದ್ದುಹೋಗೋ ತನಕ ಕಲಕಿದನಂತೆ. ಹೆದರಿಕೆಗೆ ಮೂವರೂ ಅರಿಶಿನದ ಕೈಯಲ್ಲೇ ಮೀಸೆ ಸವರಿ ಸವರಿ ಮೀಸೇನೂ ಹಳದಿ.

ಸಂಕವ್ವ ಎರಡು ಬಟ್ಟಲಲ್ಲಿ ಹಂಡೆ ನೀರು ತಗೊಂಡಳಂತೆ. ಒಂದಕ್ಕೆ ಚಿಟಿಕೆ ಅರಿಶಿನ ಹಾಕಿದಳು, ಏನೂ ಆಗಲಿಲ್ಲ. ಇನ್ನೊಂದಕ್ಕೆ ಸುಣ್ಣದ ಮಡಕೆ ತಳ ಕೆರೆದು ಉಗುರಿಗೆ ಬಂದಷ್ಟು ಹಾಕಿದಳು, ಬಟ್ಟಲು ಕೆಂಪಾಯ್ತು. ಅಪ್ಪಾ, ಯಾವುದು ಜಾಸ್ತಿ ಇದೆ ಅಂತ ನೋಡಬೇಡ, ಯಾವುದು ಮೊದಲು ಮುಗೀತು ಅಂತ ನೋಡು, ಸುಣ್ಣ ಮುಗಿದಿದೆ, ಇನ್ನು ಕಣಜದಷ್ಟು ಅರಿಶಿನ ಸುರಿದ್ರೂ ಅದು ಸುಮ್ನೆ ಕೂತಿರುತ್ತೆ ಅಂದಳಂತೆ.

ಗೋಡೆಗೆ ಹೋಗದ ಸುಣ್ಣ ಊರಲ್ಲಿ ಎಲ್ಲಿರುತ್ತೆ ಹೇಳು? ನಮ್ಮಂಥ ಮುದುಕಿಯರ ಎಲೆಅಡಿಕೆ ಚೀಲದಲ್ಲಿ. ಸಂಕವ್ವ ಮನೆ ಮನೆ ತಿರುಗಿ ಎಲ್ಲರ ಸುಣ್ಣದ ಡಬ್ಬೀನೂ ಬಳಿದು ತಂದಳಂತೆ. ಹಂಡೆ ಕೇಸರಿ ಬಣ್ಣಕ್ಕೆ ಬಂತು, ಕೆಂಪಿಗೆ ಇನ್ನೊಂದೇ ಡಬ್ಬಿ ಕಮ್ಮಿ. ಉಳಿದಿದ್ದು ರಾಜನ ತಾಯಿಯದು, ಅವಳೋ ಪ್ರಾಣ ಕೊಟ್ಟರೂ ಸುಣ್ಣ ಕೊಡೋಳಲ್ಲ. ಅಷ್ಟರಲ್ಲಿ ಊರ ಬಾಗಿಲಲ್ಲಿ ವಾಲಗ ಕೇಳ್ತಿತ್ತು, ಕ್ಷೌರದವನು ಕತ್ತಿ ಮಸೀತಿದ್ದ. ಸಂಕವ್ವ ಓಡಿಹೋಗಿ, ಅಜ್ಜಮ್ಮಾ, ಮೊಮ್ಮಗಳಿಗೆ ಆರತಿ ಯಾಕೆ ತಪ್ಪಿತು ಅಂತ ಬೀಗರು ಕೇಳಿದ್ರೆ, ಅಜ್ಜಿ ಬಾಯಿ ಕೆಂಪಾಗಬೇಕಿತ್ತು ಅದಕ್ಕೆ ಅಂತ ಹೇಳ್ಲಾ ಅಂದಳಂತೆ. ಮುದುಕಿ ಬೈಕೊಂಡು ಬೈಕೊಂಡು ಡಬ್ಬಿ ಎಸೆದಳು. ಸಂಕವ್ವ ಅದನ್ನ ಓಡಿ ತಂದು ಸುಣ್ಣ ಹಾಕಿದ್ದೇ ತಡ, ಹಂಡೆ ದಾಸವಾಳದ ಹಾಗೆ ಕೆಂಪಾಯ್ತಂತೆ.

ಮದುವೆ ಆಯ್ತು, ಮೀಸೆಗಳು ಉಳಿದವು, ಹಳದಿ ಮಾತ್ರ ಒಂದು ವಾರ ಆದ್ರೂ ಹೋಗಲಿಲ್ಲ. ಅಪ್ಪ ಕುಂಕುಮದ ಮನೆ ಬೀಗದಕೈನ ಸಂಕವ್ವನಿಗೆ ಕೊಟ್ಟನಂತೆ. ಎಲ್ಲರೂ ಸುಖವಾಗಿದ್ರು, ಸುಣ್ಣ ಇಲ್ಲದೆ ಮೂರು ದಿನ ಬರೀ ಎಲೆ ಅಗಿದ ರಾಜನ ತಾಯಿ ಒಬ್ಬಳನ್ನ ಬಿಟ್ಟು.

ಇನ್ನೊಂದು ಕತೆ ಬೇಕಾ? ಕತೆ ನನ್ನ ಹತ್ರ ಮೂಟೆಗಟ್ಟಲೆ ಇದೆ ಮಗನೆ. ಮುಗೀತಾ ಬಂದಿರೋದು ನಿನ್ನ ಎಚ್ಚರ. ನೋಡು, ಮುಗೀತು. ಅಲ್ಲಿಗೆ ಕತೇನೂ ಮುಗೀತು.